ಮಳೆ ಕಟ್ಟಿದ ಮಂಜುಗಡ್ಡೆ

ಉತ್ತರದ ಹಿಮನಾಡಿನಲ್ಲಿ, ಓಬ್ ನದಿಯ ದಡದಲ್ಲಿ ಹಿಮಸಾರಂಗಗಳ ಮಂದೆ ಹಸಿದು ನಿಂತಿತ್ತು. ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ದಾಟಿಕೊಂಡು ಆಚೆ ದಡದ ಮೇವಿಗೆ ಹೋಗಬಹುದಿತ್ತು. ಆದರೆ ಬರಗಾಲದಲ್ಲಿ ಅಧಿಕಮಾಸ ಅನ್ನುವ ಹಾಗೆ, ಹಿಮ ಬೀಳಬೇಕಾದ ತಿಂಗಳಲ್ಲಿ ಮಳೆ ಬಂತು. ಅದೆಂಥ ಕೆಟ್ಟ ಮಳೆಯೋ. ಗಡ್ಡೆಯಾಗಬೇಕಾದ ಚಳಿಯಲ್ಲೂ ಹನಿ ಬೀಳುವ ತನಕ ನೀರೇ. ಏನಾದರೊಂದು ತಾಕಿದ್ದೇ ತಡ, ಗಡ್ಡೆ. ಮಂದೆ ಕಾಯುತ್ತಿದ್ದ ಹಾದ್ನೆಯ ತೋಳಿಗೆ ಬಿದ್ದದ್ದು ತೋಳಿನ ಮೇಲೆಯೇ ಗಾಜಾಯಿತು. ಜಾರುಬಂಡಿ, ಹಗ್ಗ, ಡೇರೆಯ ಚರ್ಮ ಯಾವುದನ್ನೂ ಬಿಡಲಿಲ್ಲ. ಮಂದೆ ಮೇಯುವ ಹಿಮದಡಿಯ ಪಾಚಿಗೂ ಬೀಗ ಬಿತ್ತು. ಸಾರಂಗಗಳು ಕೆರೆದು ಕೆರೆದು ಗೊರಸಿನಿಂದ ರಕ್ತ ಸುರಿಸಿದವು.

"ತಾಕಿದ್ದೆಲ್ಲ ಕಲ್ಲಾಗ್ತದೆ, ಆ ನದಿ ಒಂದು ಬಿಟ್ಟು," ಎಂದಳು ಹಾದ್ನೆ.

ಗಂಡ ಮ್ಯುಸೆನಾ ಕೊಡಲಿ ಹಿಡಿದು ನದಿಗಿಳಿದ. ಅವನ ಅಪ್ಪ, ಅಜ್ಜ ಎಲ್ಲರದೂ ಒಂದೇ ಪರೀಕ್ಷೆ: ಒಂದೇ ಕಡೆ ಎರಡು ಏಟು ಹಾಕಬೇಕು, ನೀರು ಚಿಮ್ಮದಿದ್ದರೆ ಮಂದೆ ದಾಟಬಹುದು. ಹಾಕಿದ. ನೀರು ಚಿಮ್ಮಲಿಲ್ಲ.

"ಸೆರಾಕೊನ ಕರಿ," ಎಂದ.

ಸೆರಾಕೊ ತಬ್ಬಲಿ. ತಾಯಿ ಸತ್ತ ಆ ಬಿಳಿ ಕರುವನ್ನು ಹಾದ್ನೆ ಡೇರೆಯೊಳಗೆ ಮಲಗಿಸಿಕೊಂಡು, ರೊಟ್ಟಿ ತಿನ್ನಿಸಿ ಬೆಳೆಸಿದ್ದಳು. ರೊಟ್ಟಿ ತೋರಿಸಿದರೆ ಅದು ಎಲ್ಲಿಗೂ ಬರುತ್ತಿತ್ತು. ಅದು ಹೋದಲ್ಲಿಗೆ ಮಂದೆ ಹೋಗುತ್ತಿತ್ತು.

"ಯಾಕೋ ನಂಗೆ ಧೈರ್ಯ ಬರ್ತಿಲ್ಲ. ಇನ್ನೊಂದ್ ದಿನ ನೋಡಾಣ," ಎಂದಳು ಹಾದ್ನೆ.

"ಇನ್ನೊಂದ್ ದಿನ ಅಂತ ಅವುಗಳ ಹೊಟ್ಟೆಗೆ ನೀನೇ ಹೇಳು. ನಿನ್ ಬಿಳಿ ಮಗಳಿಗಾದ್ರೆ ರೊಟ್ಟಿ ಇದೆ. ಮಿಕ್ಕವಕ್ಕೇನಿದೆ?"

ಹಾದ್ನೆ ರೊಟ್ಟಿ ಹಿಡಿದು ಗಡ್ಡೆಯ ಮೇಲೆ ಮುಂದೆ ನಡೆದಳು. ಸೆರಾಕೊ ಅಂಚಿನಲ್ಲಿ ನಿಂತು ಮೂಸಿತು, ಹಿಂದೆ ಸರಿಯಿತು.

"ಬಾರೇ ನನ್ನವ್ವ. ನಾನಿಲ್ವೇನೇ?"

ಬಂತು. ಹಿಂದೆಯೇ ದೊಡ್ಡ ಸಾರಂಗಗಳೂ ಇಳಿದವು. ಹಾದ್ನೆಯ ಭಾರ ತಾಳಿದ್ದ ಗಡ್ಡೆ ಅವುಗಳ ಭಾರ ತಾಳಲಿಲ್ಲ. ಬಿರಿದ ಸದ್ದಿಗೆ ತಿರುಗಿದರೆ ಸೆರಾಕೊ ಕತ್ತಿನವರೆಗೆ ನೀರಿನಲ್ಲಿತ್ತು. ಕಣ್ಣು ಮಾತ್ರ ಅವಳ ಕೈಯ ಮೇಲೆಯೇ. ಅವಳು ಬೋರಲು ಬಿದ್ದು ಒಂದು ಕೈಯಲ್ಲಿ ಕೊಂಬು ಹಿಡಿದಳು. ಒದ್ದೆ ಕೊಂಬು ಜಾರಿ ಹೋಯಿತು.

ತೆವಳುತ್ತ ದಡ ಸೇರಿದಾಗ ಮ್ಯುಸೆನಾ ಒಡೆದ ಗಡ್ಡೆಯ ಚೂರೊಂದನ್ನು ಹಿಡಿದು ಕುಸಿದು ಕೂತಿದ್ದ. ಮೇಲೆ ಮಳೆ ಕಟ್ಟಿದ ಗಡ್ಡೆ, ನಡುವೆ ಹಿಮ, ಕೆಳಗೆ ನದಿ ತಾನೇ ಕಟ್ಟಿದ್ದು ತೆಳ್ಳನೆಯ ಪದರ ಮಾತ್ರ. ಎರಡು ಏಟನ್ನೂ ಮೇಲಿನ ಪದರಗಳೇ ನುಂಗಿದ್ದವು. ಅಜ್ಜಂದಿರ ಕಾಲದಲ್ಲಿ ಈ ತಿಂಗಳಲ್ಲಿ ಮಳೆಯೇ ಬಂದಿರಲಿಲ್ಲ, ಕೊಡಲಿಗೆ ಹೇಗೆ ತಿಳಿಯಬೇಕು?

"ಕೊಂದ್ಬಿಟ್ಟೆ ಕಣೇ," ಎಂದ.

"ನೀ ಕೊಡಲಿ ಹಾಕ್ದೆ. ಕರೆದೋಳು ನಾನು."

ಉಳಿದ ಮಂದೆ ಬೆದರಿ ಹಿಂದಕ್ಕೋಡಿ, ಮತ್ತೆ ಅದೇ ಗಾಜಿನ ನೆಲದ ಮೇಲೆ ನಿಂತಿತ್ತು. ಮಳೆ ನಿಂತಿರಲಿಲ್ಲ. ಹಾದ್ನೆ ಇನ್ನೊಂದು ಕೈಯ ಮುಷ್ಟಿ ಬಿಚ್ಚಿದಳು. ರೊಟ್ಟಿ ಹಾಗೇ ಇತ್ತು. ಹತ್ತಿರದಲ್ಲಿದ್ದ, ಪಕ್ಕೆಲುಬು ಎದ್ದ ಹೆಣ್ಣು ಸಾರಂಗದ ಬಾಯಿಗೆ ಹಿಡಿದಳು.

"ತಿನ್ನವ್ವ, ತಿನ್ನು."

ಅದು ಮೂಸಿ ನೋಡಿತು. ರೊಟ್ಟಿ ತಿನ್ನುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮುಖ ತಿರುಗಿಸಿ ಮತ್ತೆ ಗಡ್ಡೆ ಕೆರೆಯತೊಡಗಿತು.