ಓ ಅಂದವಳು

ನನ್ನ ಯಜಮಾನರು ದರ್ಜಿ. ಅವರು ಹೋಗಿ ಹನ್ನೆರಡು ವರ್ಷವಾಯಿತು. ಹೊಲಿಗೆಯಂತ್ರ ಮಾತ್ರ ಕಿಟಕಿಯ ಕೆಳಗೆ ಇದ್ದಲ್ಲೇ ಇದೆ. ಮಧ್ಯಾಹ್ನ ಊಟವಾಗಿ ನಾನು ಹಾಗೇ ಗೋಡೆಗೆ ಒರಗಿದಾಗ ಅದರ ಕಡೆಯಿಂದ ಅವರು ನನ್ನನ್ನು ಕರೆಯುತ್ತಾರೆ. ಧ್ವನಿ ಅವರದೇ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಮಾತಾಡುವ ಆ ಅರೆಬರೆ ಧ್ವನಿ. ಆದರೆ ಏನೆಂದು ಕರೆಯುತ್ತಾರೆ ಎಂಬುದು ಕೇಳುವುದಿಲ್ಲ.

ಅವರು ನನಗೊಂದು ಹೆಸರಿಟ್ಟಿದ್ದರು. ನಾಲ್ಕು ಜನರ ಮುಂದೆ ಕರೆಯುತ್ತಿರಲಿಲ್ಲ. ಇಬ್ಬರೇ ಇದ್ದಾಗ ಮಾತ್ರ. ನಲವತ್ತು ವರ್ಷ ಅದಕ್ಕೆ ಓ ಅಂದವಳು ನಾನು. ಈಗ ಕೆಲವು ತಿಂಗಳಿಂದ ಅದು ನೆನಪಿಗೆ ಬರುತ್ತಿಲ್ಲ. ನಾಲಿಗೆಯ ತುದಿಯಲ್ಲಿದೆ ಎನ್ನುತ್ತಾರಲ್ಲ, ಹಾಗೂ ಇಲ್ಲ. ಅದಿದ್ದ ಜಾಗವೇ ನುಣ್ಣಗಾಗಿಬಿಟ್ಟಿದೆ. ಮೊದಲು ಅವರ ನಡಿಗೆ ಮರೆತುಹೋಯಿತು, ಆಮೇಲೆ ಬೆರಳುಗಳು. ಈ ಹೆಸರೂ ಹೋದರೆ ನನ್ನನ್ನು ಕರೆಯಲು ಅವರಿಗೆ ಏನು ಉಳಿಯಿತು?

ನಾದಿನಿಯನ್ನು ಕೇಳಿದೆ. ಅವಳಿರುವುದು ಪಕ್ಕದ ಮನೆಯಲ್ಲೇ. ದಿನಾ ಬಂದು ಬಾಗಿಲ ಬೆಳಕಿನಲ್ಲಿ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಾಳೆ.

"ಚೆನ್ನಾಗಿದೆ ಅತ್ತಿಗೆ, ನೀವು ಕೇಳೋದು! ಗಂಡ ಹೆಂಡ್ತಿ ಗುಟ್ಟಿನ ಹೆಸರು ನಂಗೆ ಹೇಗೆ ಗೊತ್ತಿರುತ್ತೆ? ನಾನೇನು ನಿಮ್ಮ ಮಂಚದ ಕೆಳಗೆ ಮಲಗಿದ್ನಾ?"

"ಒಂದ್ಸಲವಾದ್ರೂ ಬಾಯಿ ತಪ್ಪಿ ಅಂದಿರ್ತಾರೆ ಕಣೇ."

"ಅಣ್ಣನಾ? ಅವನ ಬಾಯಿಂದ ಸೂಜಿ ಬಿದ್ರೂ ಮಾತು ಬೀಳ್ತಿರಲಿಲ್ಲ." ದಾರ ಕಡಿದು ಸೂಜಿಗೆ ಹೊಸ ಎಳೆ ಪೋಣಿಸಿದಳು. "ಅಚ್ಚಿನ ಮೇಲೆ ನೋಡಿದ್ರಾ? ಎಲ್ರಿಗೂ ಅಡ್ಡಹೆಸರು ಬರೀತಿದ್ನಲ್ಲ."

ಹೌದಲ್ಲ! ಖಾಯಂ ಗಿರಾಕಿಗಳ ಅಳತೆಗೆ ಅವರು ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿ, ಕೆಳಗಿನ ಅಂಚಿನಲ್ಲಿ ತಾವೇ ಇಟ್ಟ ಹೆಸರು ಬರೆದು ಕಟ್ಟಿಡುತ್ತಿದ್ದರು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಸೇರಿದ್ದು ಅವರು ಹೋದ ಮೇಲೆ.

ಅಟ್ಟದಿಂದ ಕಟ್ಟು ಇಳಿಸಿ ಒಂದೊಂದಾಗಿ ಓದಿದೆ. 'ಬಾಗುಬೆನ್ನು ಮೇಷ್ಟ್ರು.' 'ಉಸಿರು ಬಿಡದ ಪೋಸ್ಟ್‌ಮಾಸ್ಟರ್.' ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದ ಮಹಾನುಭಾವ. ನಾದಿನಿ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು.

ಕಟ್ಟಿನ ತಳದಲ್ಲಿ ನನ್ನ ಅಚ್ಚು ಸಿಕ್ಕಿತು. ಓದದೆಯೇ ಗುರುತು ಹಿಡಿದೆ. ನನ್ನ ಎಡಭುಜ ಹುಟ್ಟಿನಿಂದಲೇ ಅರ್ಧ ಇಂಚು ಕೆಳಗೆ. ಕಾಗದವೂ ಅಷ್ಟೇ ವಾಲಿತ್ತು. ಕೆಳಗಿನ ಅಂಚು ಮಾತ್ರ ಇರಲಿಲ್ಲ. ಅದನ್ನು ಕತ್ತರಿಸಿದ್ದು ನಾನೇ. ಬರೆದ ಕಾಗದವೂ ಬರೆಯದ ಕಾಗದವೂ ನನಗೆ ಒಂದೇ ಆಗಿದ್ದ ಕಾಲದಲ್ಲಿ, ಗುಂಡಿಯ ಡಬ್ಬಿಗೆ ತುಕ್ಕು ಹಿಡಿಯಿತೆಂದು, ಪಟ್ಟಿ ಮಾಡಿ ಒಳಗೆ ಅಂಟಿಸಿದ್ದೆ.

ಡಬ್ಬಿ ಬೋರಲು ಹಾಕಿದೆ. ಗುಂಡಿಗಳು ನೆಲದ ತುಂಬ ಉರುಳಿದವು. ಪಟ್ಟಿಯ ಮೇಲೆ ಸೀಸದಕಡ್ಡಿಯ ಅಕ್ಷರಗಳು ಮಾಸಿದ್ದರೂ ಇದ್ದವು. ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹಾಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಬಾಯಿಬಿಟ್ಟು ಓದಿದೆ.

"ಅ... ರ್ಧಿಂ... ಚಿ. ಅರ್ಧಿಂಚಿ."

ಅರ್ಥವಾಯಿತು. ಭುಜ ನೋಡಿ ಇಟ್ಟ ಹೆಸರು. ಆದರೆ ಅರ್ಥವಾದದ್ದಷ್ಟೇ; ನೆನಪಾಗಲಿಲ್ಲ. ಯಾವುದೋ ಗಿರಾಕಿಯ ಹೆಸರು ಓದಿದ ಹಾಗಿತ್ತು. ನನ್ನೊಳಗೆ ಯಾರೂ ತಿರುಗಿ ನೋಡಲಿಲ್ಲ.

ಆಗ ಒಳಕೋಣೆಯಿಂದ "ಓ" ಎಂದು ಕೇಳಿಸಿತು. ಹೆಣ್ಣು ಧ್ವನಿ, ನನ್ನದೇ, ಆದರೆ ಎಳೆಯದು. ಏನೋ ಕೆಲಸದ ನಡುವೆ, ತಲೆಯೆತ್ತದೆ ಓಗೊಟ್ಟ ಹಾಗೆ.

ನಾದಿನಿ ಬಗ್ಗಿ ಗುಂಡಿ ಆಯುತ್ತಿದ್ದಳು. "ಸಿಕ್ತಾ ಅತ್ತಿಗೆ? ಇನ್ನೊಂದ್ಸಲ ಜೋರಾಗಿ ಓದಿ, ನಂಗೆ ಕೇಳಿಸ್ಲಿಲ್ಲ."

ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಇನ್ನೊಮ್ಮೆ ಕರೆದರೆ ಒಳಗಿನವಳು ಎದ್ದು ಹೊರಗೆ ಬಂದಾಳು. ಬಂದರೆ ಯಂತ್ರದ ಮುಂದಿನ ಖಾಲಿ ಕುರ್ಚಿ ನೋಡಿ, ಅವರೆಲ್ಲಿ ಅಂತ ನನ್ನನ್ನೇ ಕೇಳುತ್ತಾಳೆ.