ಪುಟ ನಲವತ್ತೆರಡರ ಕಕ್ಕಸು

"ಥೂ, ನಿನ್ ಹೊಟ್ಟೇಲಿರೋದು ಬ್ಲಾಡರ್ರೋ ಬೀದಿ ನಲ್ಲೀನೋ? ಒಂದು ಪ್ರೋಗ್ರಾಮ್ ಮುಗಿಯೋವರ್ಗೂ ತಡ್ಕೊಳಕ್ಕಾಗಲ್ವಾ?"

ಪ್ರಚಾರ ವಿಭಾಗದ ಸಾಹೇಬ ಜಯಸಿಂಹ ಅಷ್ಟು ಜನರ ಮುಂದೆ ಹೀಗೆ ಕಿರುಚಿದಾಗ ತಿಮ್ಮಕ್ಕ ಸ್ಟೂಲಿನ ಮೇಲೆ ನಿಂತು 'ಸಾರ್ವಜನಿಕ ವಿಶ್ವಾಸ ದಿನ' ಎಂಬ ಬ್ಯಾನರಿಗೆ ದಾರ ಕಟ್ಟುತ್ತಿದ್ದಳು. ಶಾಮಿಯಾನದವರು ನಕ್ಕರು. ಮೈಕಿನವನು ಮೈಕಿನಲ್ಲೇ ನಕ್ಕ.

"ಸಾರ್, ಸುಗರ್ ಐತೆ ನಂಗೆ. ಗೇಟ್ ತೆಗ್ಸಿ, ಇಂಗೋಗಿ ಅಂಗ್ ಬತ್ತೀನಿ."

"ಸೆಕ್ರೆಟರಿ ಮೇಡಂ ಬರೋ ಟೈಮಲ್ಲಿ ಗೇಟ್ ತೆಗ್ಸೋದಾ? ಸ್ಟೇಜ್ ಮೇಲೆ ತಟ್ಟೆ ಹಿಡ್ಕೊಂಡು ನಿಲ್ಲಬೇಕಾಗಿರೋಳು ನೀನು. ನಿನ್ ಮುಖ ವರದೀಲಿದೆ, ನೆನಪಿರಲಿ!"

ತಿಲಕ್ ನಗರದ ಹಿಂಬದಿಯ ಈ ರಾಜ್ಯ ಫಿನಾಯಿಲ್ ನಿಗಮ ಸಾಕ್ಷಾತ್ ಸರ್ಕಾರದ್ದು. ನಾಡಿನ ಕಕ್ಕಸುಗಳನ್ನೆಲ್ಲ ಘಮಘಮಿಸುವಂತೆ ಮಾಡುವುದು ಅದರ ಕೆಲಸ. ಬಾಟಲಿ ತುಂಬುವ ಹೆಂಗಸರಿಗೆ ಮಾತ್ರ ಅಲ್ಲಿ ಕಕ್ಕಸಿಲ್ಲ. ಇಲ್ಲ ಅಂದರೆ ತಪ್ಪಾದೀತು, ಅಂಗಳದ ಮೂಲೆಯಲ್ಲಿ 'ಮಹಿಳೆಯರು' ಎಂಬ ಬೋರ್ಡು ಹೊತ್ತ ಬಾಗಿಲೊಂದು ಇತ್ತು. ಯಾರೂ ಓದದೆ ಉಳಿದ ಹಳೆಯ ವಾರ್ಷಿಕ ವರದಿಗಳನ್ನು ಅದರೊಳಗೆ ಸೂರಿನ ತನಕ ಒಟ್ಟಿ ಬೀಗ ಜಡಿದಿದ್ದರು. ಹೆಂಗಸರು ಬಸ್ ಸ್ಟಾಪಿನ ಹತ್ತಿರದ ಕಾಸಿನ ಕಕ್ಕಸಿಗೆ ಓಡಬೇಕು. ಓಡಿ ಬರುವಷ್ಟರಲ್ಲಿ ಅರ್ಧ ದಿನದ ಕೂಲಿ ಕಟ್ಟಾಗಿರುತ್ತಿತ್ತು. ಕೊನೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಎಂ.ಡಿ. ಸಾಹೇಬರ ಕೋಣೆಯ ಪಕ್ಕ ಇನ್ನೊಂದು ಕಕ್ಕಸಿತ್ತು. ಬಿಳಿ ಟೈಲ್ಸು, ಬಿಸಿನೀರು, ಬಾಗಿಲಗಲದ ಕನ್ನಡಿ. ಬೆಳಗಾದರೆ ಅದನ್ನು ಉಜ್ಜುವವಳು ತಿಮ್ಮಕ್ಕ. ಅದರ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಒಮ್ಮೆ ತಡೆಯಲಾರದೆ ಒಳಗೆ ಕೂತಿದ್ದಕ್ಕೆ ಜಯಸಿಂಹ ಗೋಡೆಗಳಿಗೂ ನೀರು ಹುಯ್ಯಿಸಿದ್ದ, ಅದೂ ಅವಳ ಕೈಯಲ್ಲೇ. "ನಿಮ್ಮೋರು ಕೂತ್ಮೇಲೆ ಸಾಹೇಬ್ರು ಹೇಗೆ ಕೂರ್ತಾರೆ?" ಎಂದಿದ್ದ. ಇವನ ಮಡಿಗಿಷ್ಟು ಬೆಂಕಿ ಬೀಳ! ಅವಳು ಉಜ್ಜಬಹುದಂತೆ, ಕೂರಬಾರದಂತೆ.

ಈ ವರ್ಷ ಮೇಲಿನಿಂದ ಅಪ್ಪಣೆ ಬಂದಿತ್ತು. ಸರ್ಕಾರಿ ಕಂಪನಿಗಳ ಮೇಲೆ ಜನಕ್ಕೆ ನಂಬಿಕೆ ಹುಟ್ಟಬೇಕು, ಇರುವುದನ್ನೆಲ್ಲ ವರದಿಯಲ್ಲಿ ತೋರಿಸಿ ಅಂತ. ಜಯಸಿಂಹ ಧಾರಾಳಿ, ಇಲ್ಲದ್ದನ್ನೂ ತೋರಿಸಿದ. 'ಮಹಿಳೆಯರು' ಬಾಗಿಲಿಗೆ ಗುಲಾಬಿ ಬಣ್ಣ ಬಳಿಸಿ, ಅದರ ಮುಂದೆ ತಿಮ್ಮಕ್ಕನನ್ನು ನಿಲ್ಲಿಸಿ ಫೋಟೋ ತೆಗೆಸಿದ. ಪಾಪ, ಅವತ್ತೂ ಅವಳಿಗೆ ಅವಸರ. ಹಲ್ಲು ಕಚ್ಚಿ, ತುಟಿ ಎಳೆದು, ಮೊಣಕಾಲು ಜೋಡಿಸಿ ನಿಂತಿದ್ದಳು. "ಸೂಪರ್ ಸ್ಮೈಲ್!" ಎಂದು ಫೋಟೋದವನು ಕ್ಲಿಕ್ಕಿಸಿದ. ಪುಟ ನಲವತ್ತೆರಡರಲ್ಲಿ ಅಚ್ಚಾಯಿತು: 'ಸುಸಜ್ಜಿತ ಮಹಿಳಾ ಶೌಚಾಲಯ, ಸಂತೃಪ್ತ ಸಿಬ್ಬಂದಿ.'

ಸರ್ಕಾರದ ಕಾರ್ಯದರ್ಶಿ ಮೇಡಂ ಬಿಟಿಎಂ ಲೇಔಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ಬಂದವರಿಗೆ ಎಳನೀರು ಕೊಟ್ಟರು, ಅದರ ಹಿಂದೆಯೇ ಮಜ್ಜಿಗೆ ಕೊಟ್ಟರು. ತಿಮ್ಮಕ್ಕ ವೇದಿಕೆಯ ಮೇಲೆ ವರದಿಗಳ ತಟ್ಟೆ ಹಿಡಿದು ಈ ಕಾಲಿಂದ ಆ ಕಾಲಿಗೆ ಭಾರ ಬದಲಿಸುತ್ತಿದ್ದಳು. ಜಯಸಿಂಹ ಮೈಕು ಹಿಡಿದ.

"ನಮ್ಮ ನಿಗಮದಲ್ಲಿ ಮುಚ್ಚುಮರೆ ಇಲ್ಲ. ಎಲ್ಲ ಹರಿಯೋ ನೀರಿನ ಹಾಗೆ. ಝರಿಯ ಹಾಗೆ, ಜಲಪಾತದ ಹಾಗೆ..."

"ಅಯ್ ನಿನ್ ಬಾಯಿಗ್ ಮಣ್ಣಾಕ, ಬಡ್ಡಿಮಗ್ನೆ!" ಎಂದಳು ತಿಮ್ಮಕ್ಕ. ಜಲಪಾತದವರೆಗೆ ತಡೆದಿದ್ದೇ ಹೆಚ್ಚು. ತಟ್ಟೆಯನ್ನು ಎಂ.ಡಿ. ಸಾಹೇಬರ ತೊಡೆಯ ಮೇಲಿಟ್ಟು, "ಹಿಡ್ಕಳಿ ಸಾಮಿ" ಎಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ನೇರ ಆಫೀಸಿಗೆ ನುಗ್ಗಿ, ಬೀಗ ತೆಗೆದು, ಒಳಗಿನಿಂದ ಚಿಲಕ ಹಾಕಿದಳು. ಅಬ್ಬಾ! ಜೀವ ಹೋಗಿ ಬಂದ ಹಾಗಾಯಿತು. ಸಂತೋಷಕ್ಕೆ ಕಣ್ಣಲ್ಲೂ ನೀರು ಬಂತು.

ಆಗ ಯಾರೋ ಬಾಗಿಲು ದಡದಡ ಬಡಿದರು. ಎಳನೀರು, ಮಜ್ಜಿಗೆ, ಟ್ರಾಫಿಕ್ಕು ಮೂರೂ ಸೇರಿ ಕಾರ್ಯದರ್ಶಿ ಮೇಡಂ ಅವರನ್ನೂ ಎಬ್ಬಿಸಿದ್ದವು.

"ಯಾರೇ ಒಳಗೆ? ತಿಮ್ಮಕ್ಕಾನಾ? ಈಚೆ ಬಾರೇ! ಮೇಡಂಗೆ ಅರ್ಜೆಂಟ್ ಇದೆ!" ಜಯಸಿಂಹನ ದನಿ.

"ಮೇಡಮ್ಮೋರು ಹೆಂಗಸ್ರಲ್ವಾ ಸಾರ್? ಪುಟ ನಲವತ್ತೆರಡಕ್ಕೆ ಕರ್ಕಂಡೋಗಿ. ಸುಸಜ್ಜಿತವಾಗೈತಂತೆ."

ಹೊರಗೆ ಪುಟ ತಿರುವುವ ಸದ್ದು. "ಹೌದಲ್ರೀ, ಗುಲಾಬಿ ಬಾಗಿಲು. ಎಲ್ರೀ ಇದು?" ಎಂದರು ಮೇಡಂ. ಝರಿ, ಜಲಪಾತದ ಜಯಸಿಂಹ ಮತ್ತೆ ಬಾಗಿಲನ್ನೇ ಬಡಿದ.

ತಿಮ್ಮಕ್ಕ ಸಾವಕಾಶವಾಗಿ ಸಾಹೇಬರ ಸೋಪಿನಲ್ಲಿ ಕೈ ತೊಳೆದು, ಸಾಹೇಬರ ಟವೆಲ್ಲಿನಲ್ಲಿ ಒರೆಸಿ ಈಚೆ ಬಂದಳು. ನೋಡಿದರೆ ಬಾಟಲಿ ವಿಭಾಗದ ವನಿತಾ ಮೊದಲ್ಗೊಂಡು ಹೆಂಗಸರೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದರು.

"ನಾಳೆಯಿಂದ ಕೆಲ್ಸಕ್ಕೆ ಬರಬೇಡ ನೀನು!" ಜಯಸಿಂಹ ಬೀಗದ ಕೈಗೆ ಕೈಚಾಚಿದ.

ಸುಬ್ರಹ್ಮಣ್ಯಪುರದಲ್ಲಿ ತಿಮ್ಮಕ್ಕನ ಮನೆಯ ಒಲೆ ಉರಿಯುವುದು ಈ ಕೂಲಿಯಿಂದಲೇ. ಆದರೂ ಬಾಯಿ ಬೇರೆಯದನ್ನೇ ಹೇಳಿತು.

"ನಾಳೆದು ನಾಳೆ ನೋಡ್ಕಳವ ಸಾರ್. ಇವತ್ತಿಂದು ಆಯ್ತು."

ಬೀಗದ ಕೈಯನ್ನು ವನಿತಾಳ ಅಂಗೈಯಲ್ಲಿಟ್ಟಳು. ವನಿತಾ ಒಳಗೆ ಹೋಗಿ ಚಿಲಕ ಹಾಕಿದಳು. ಮೇಡಂ ಮುಂದೆ ಹೆಜ್ಜೆಯಿಟ್ಟರು.

"ಮೇಡಂ, ಲೈನ್ ಐತೆ" ಎಂದು ಸಾಲಿನಿಂದ ಯಾರೋ ಮೆತ್ತಗೆ ಹೇಳಿದರು.

ಮೇಡಂ ವರದಿಯ ಫೋಟೋ ನೋಡಿದರು, ತಿಮ್ಮಕ್ಕನ ಮುಖ ನೋಡಿದರು. "ಅಲ್ಲಮ್ಮ, ಇದ್ರಲ್ಲಿ ನಗ್ತಾ ಇದೀಯಲ್ಲ?"

"ಅದು ನಗೆ ಅಲ್ಲ ಮೇಡಂ. ತಡ್ಕಂಡಿರೋದು."

ಮೇಡಂ ಸಾಲಿನ ಕೊನೆಗೆ ಹೋಗಿ, ಹಲ್ಲು ಕಚ್ಚಿ, ತುಟಿ ಎಳೆದು, ಮೊಣಕಾಲು ಜೋಡಿಸಿ ನಿಂತರು. ಅಷ್ಟರಲ್ಲಿ ಫೋಟೋದವನು ಓಡಿಬಂದು ಕ್ಯಾಮೆರಾ ಎತ್ತಿದ.

"ಸೂಪರ್ ಸ್ಮೈಲ್ ಮೇಡಂ!"