ಮುರಿದು ಬಂದ ಸೈಕಲ್ಲಿಗೆ ವೆಲ್ಡಿಂಗ್ ಬೇಡ

ತೆಂಗಿನಗುಂಡಿಯಲ್ಲಿ ಮೀನು ಮಾರುವ ಬಂಗಾರಿ ಕಿವಿರು ಎತ್ತಿ ನೋಡದೆ ಒಂದು ಬಂಗಡೆ ಮೀನನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಅಂಥವಳೇ ಮನೆಬಾಗಿಲಿಗೆ ಬಂದ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಸಹಿ ಹಾಕಿ ಇಳಿಸಿಕೊಂಡಳು.

ಒಳಗಿದ್ದದ್ದು ಜಿಮ್‌ನಲ್ಲಿರುವಂಥ, ನಿಂತಲ್ಲೇ ತುಳಿಯುವ ಸೈಕಲ್. ಗಂಡ ಮಾಬ್ಲ ಬೋಟಿನಲ್ಲಿ ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ. ದಿನಾ ಇದನ್ನು ತುಳಿದು ಕಾಲು ಗಟ್ಟಿಯಾದರೆ ಮಾತ್ರ ಮಳೆಗಾಲದ ನಂತರ ಕಡಲಿಗೆ ಹೋಗಬಹುದು ಎಂದಿದ್ದರು ಡಾಕ್ಟರು. ಬಿಚ್ಚಿದರೆ ಪೆಡಲ್ ಬಗ್ಗಿತ್ತು, ಚೌಕಟ್ಟು ಬಿರುಕು ಬಿಟ್ಟಿತ್ತು.

ಬಂಗಾರಿ ಕಂಪನಿಗೆ ಫೋನ್ ಮಾಡಿದರೆ, "ಸಹಿ ಹಾಕಿ ತಗೊಂಡಿದ್ದೀರಿ, ಇನ್ನು ಆಗೋದಿಲ್ಲ" ಎಂದು ಫೋನ್ ಇಟ್ಟೇಬಿಟ್ಟರು.

"ಹೋಗ್ಲಿ ಬಿಡು," ಎಂದ ಮಾಬ್ಲ. "ಬೋಟಿನ ಶಾಫ್ಟನ್ನೇ ಸರಿ ಮಾಡ್ಕೊಂಡವ್ರು ನಾವು. ಬಂದರದ ವೆಂಕಟನ್ನ ಕರೆದು ವೆಲ್ಡಿಂಗ್ ಹೊಡೆಸಿದ್ರೆ ಆತು."

ಅಷ್ಟರಲ್ಲಿ ಪಕ್ಕದ ಮನೆಯ ದಿವ್ಯಶ್ರೀ ಬಂದಳು. ಸ್ವಸಹಾಯ ಸಂಘದ ತರಬೇತಿಯಲ್ಲಿ ಗ್ರಾಹಕರ ಹಕ್ಕಿನ ಬಗ್ಗೆ ಕೇಳಿ ತಿಳಿದವಳು.

"ಮಾಬ್ಲಣ್ಣ, ವೆಲ್ಡಿಂಗ್ ಮಾಡಿಸ್ಬೇಡ. ಆಮೇಲೆ ಕಂಪನಿಯವ್ರು ನೀನೇ ಮುರಿದದ್ದು ಅಂದ್ರೆ ಎಂತ ಹೇಳ್ತಿ? ಪೆಟ್ಟಿಗೆನೂ ಬಿಸಾಡ್ಬೇಡ."

"ಸಹಿ ಹಾಕಿ ಆತಲ್ಲ, ಇನ್ನೆಂತ ಮಾಡೂದು?" ಎಂದಳು ಬಂಗಾರಿ.

"ಬಂಗಾರಕ್ಕ, ನೀ ಕೊಟ್ಟ ಮೀನು ಹಾಳಾಗಿತ್ತು ಅಂತ ಗಿರಾಕಿ ತಿರುಗಿ ಬಂದ್ರೆ?"

"ಬೇರೆ ಕೊಡ್ತೆ. ಕೊಡದೆ ಮರುದಿನ ಮಾರ್ಕೆಟ್ಟಲ್ಲಿ ಕೂತ್ಕೊಳ್ಳೂಕೆ ಆಗ್ತದಾ?"

"ಹಂಗೇ ಅವ್ರೂ ಕೊಡ್ಬೇಕು, ಕಾನೂನಿದೆ. ನೀ ಸಹಿ ಹಾಕಿದ್ದು ಪೆಟ್ಟಿಗೆ ಬಂತು ಅಂತ, ಸೈಕಲ್ ಸರಿ ಇದೆ ಅಂತ ಅಲ್ಲ."

ಇಬ್ಬರೂ ಸೇರಿ ಮುರಿದ ಭಾಗ, ಪೆಟ್ಟಿಗೆ, ಬಿಲ್ಲು ಎಲ್ಲದರ ಫೋಟೋ ತೆಗೆದು ಕಂಪನಿಗೆ ಬರೆದು ಕಳಿಸಿದರು. ಉತ್ತರವಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟರು. ಆಗ ನೋಡಿ, ಕಂಪನಿಯೇ ಹುಡುಕಿಕೊಂಡು ಫೋನ್ ಮಾಡಿತು. ಬಂಗಾರಿ ಮೀನು ಮಾರುವ ದನಿಯನ್ನೇ ತೆಗೆದಳು.

"ಹೊಸದು ಕಳಿಸ್ತ್ರೋ, ಹಣ ತಿರುಗಿ ಕೊಡ್ತ್ರೋ, ಒಂದು ಹೇಳಿ. ಇಲ್ಲಾಂದ್ರೆ ಗ್ರಾಹಕರ ಆಯೋಗಕ್ಕೆ ಹೋಗ್ತೆ."

ಆ ಕಡೆಯ ದನಿ ತಣ್ಣಗಾಯಿತು. ಹೊಸ ಸೈಕಲ್ ಬಂತು. ಈ ಸಲ ಬಂಗಾರಿ ತಂದವನನ್ನು ನಿಲ್ಲಿಸಿಕೊಂಡು, ಕಿವಿರು ನೋಡುವ ಹಾಗೆ ಒಂದೊಂದು ಭಾಗ ನೋಡಿಯೇ ಸಹಿ ಹಾಕಿದಳು. ದಿವ್ಯಶ್ರೀ ವಿಡಿಯೋ ತೆಗೆದಳು.

"ಎಷ್ಟು ತುಳಿದ್ರೂ ಅಂಗಳ ದಾಟೂದಿಲ್ಲ ಇದು," ಎಂದು ಗೊಣಗುತ್ತಲೇ ಮಾಬ್ಲ ಮಳೆಗಾಲವಿಡೀ ತುಳಿದ. ಬೋಟುಗಳು ಕಡಲಿಗೆ ಇಳಿದ ದಿನ ಯಾರ ಕೈಯನ್ನೂ ಹಿಡಿಯದೆ ಹತ್ತಿ ನಿಂತ. ದಡದಲ್ಲಿದ್ದ ಬಂಗಾರಿ ಖುಷಿಗೆ ಅತ್ತೇಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಪೆಟ್ಟಿಗೆ ಬರುತ್ತದೆ. ಬಿಚ್ಚುವಾಗ ವಿಡಿಯೋ ತೆಗೆಯಿರಿ. ಮುರಿದಿದ್ದರೆ ರಿಪೇರಿಗೆ ಕೈ ಹಾಕಬೇಡಿ, ಕೂಡಲೇ ಬರೆದು ದೂರು ಕೊಡಿ. ಕೇಳದಿದ್ದರೆ 1915. ನೀವು ದುಡಿದು ಕೊಂಡದ್ದು, ಸರಿಯಾದದ್ದನ್ನೇ ಕೇಳಿ ಪಡೆಯಿರಿ.